ಹಳೆ ದಾರಿ, ಹಳೆ ಗೋಡೆ, ಹೊಲದ ನಡುವೆ ಓಟ: ನಿಮಗೆ ಗೊತ್ತಿರುವ ದಾರಿ ಹೇಳಿ

ನಿಧಾನಗಾಲು

ಎಲ್ಲರಿಗೂ ನಮಸ್ಕಾರ. ಓಡಲು ಶುರು ಮಾಡಿ ನಾಲ್ಕು ವರ್ಷ ಆಯಿತು. ವಾರಕ್ಕೆ ಮೂರು ಸಲ ಅದೇ ಪಾರ್ಕು, ಅದೇ ಸುತ್ತು. ಅಲ್ಲಿನ ಬೆಂಚುಗಳೆಲ್ಲ ನನಗೆ ಹೆಸರಿಟ್ಟು ಕರೆಯುವಷ್ಟು ಪರಿಚಯ. ಈಗ ಹತ್ತು ದಿನ ರಜೆ ಸಿಕ್ಕಿದೆ. ಹೊಲ, ಗುಡ್ಡ, ಸಣ್ಣ ಹಳ್ಳಿಗಳ ನಡುವೆ ಓಡಬೇಕು, ದಾರಿಯಲ್ಲಿ ನೋಡಲು ಏನಾದರೂ ಚರಿತ್ರೆ ಇರಬೇಕು ಅಂತ ಆಸೆ.

ಹೋದ ವರ್ಷ ಒಮ್ಮೆ ಪ್ರಯತ್ನಿಸಿದ್ದೆ. ನಕ್ಷೆಯಲ್ಲಿ ಒಂದು ಕೋಟೆ ನೋಡಿ, ಇದರ ಸುತ್ತ ಓಡೋಣ ಅಂತ ಹೋದೆ. ಹೋದರೆ ಒಂದು ಸುತ್ತಿಗೆ 900 ಮೀಟರ್ ಅಷ್ಟೇ. ಬಂದಿದ್ದಕ್ಕೆ ಹನ್ನೆರಡು ಸುತ್ತು ಹಾಕಿದೆ. ಏಳನೇ ಸುತ್ತಿಗೆ ಕಾವಲುಗಾರ ಕುರ್ಚಿಯಿಂದ ಎದ್ದು ನಿಂತ.

ನಾನು 10ರಿಂದ 20 ಕಿ.ಮೀ. ಓಡಬಲ್ಲೆ, ವೇಗ ಹೆಸರಿಗೆ ತಕ್ಕಂತೆ. ಯಾವ ದೇಶದ ದಾರಿಯಾದರೂ ಸರಿ. ನೀವು ಓಡಿದ್ದು ಹೇಳಿ. ಅದಕ್ಕಿಂತ ಮುಖ್ಯವಾಗಿ, ಇಂಥ ದಾರಿ ಹುಡುಕುವುದು ಹೇಗೆ?

ಕಲ್ಲುಚಪ್ಪಡಿ

ಕೋಟೆ ಸುತ್ತ ಹನ್ನೆರಡು ಸುತ್ತು! ಕಾವಲುಗಾರ ಎದ್ದಿದ್ದು ಚಪ್ಪಾಳೆ ತಟ್ಟಲು ಇರಬೇಕು.

ನೀವು ಮಾಡಿದ ತಪ್ಪು ನಾವೆಲ್ಲ ಮಾಡಿದ್ದೇವೆ. ಚುಕ್ಕಿ ಹುಡುಕಬೇಡಿ, ಗೆರೆ ಹುಡುಕಿ. ಕೋಟೆ, ಗುಡಿ, ಗೋಪುರ ಇವೆಲ್ಲ ನಕ್ಷೆಯಲ್ಲಿ ಚುಕ್ಕಿ. ಅಲ್ಲಿಗೆ ಹೋಗಿ ನಿಂತು ನೋಡಬೇಕು. ಓಡುವವರಿಗೆ ಬೇಕಾಗಿದ್ದು ಉದ್ದಕ್ಕೆ ಕಟ್ಟಿದ್ದು. ಹಳೆ ರಸ್ತೆ, ಗಡಿ ಗೋಡೆ, ಕಾಲುವೆ ಏರಿ, ಮೇಲ್ಗಾಲುವೆ, ಯಾತ್ರಿಕರ ದಾರಿ, ಟಪಾಲು ದಾರಿ. ಇವುಗಳನ್ನು ಮಾಡಿದ್ದೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲಿಕ್ಕೆ, ಅದೂ ಬಹುಪಾಲು ಕಾಲ್ನಡಿಗೆಯಲ್ಲಿ. ಏರು ಎಷ್ಟಿರಬೇಕು, ಎಲ್ಲಿ ನೀರು ಸಿಗಬೇಕು, ಎಲ್ಲಿ ತಂಗಬೇಕು ಅನ್ನುವುದನ್ನೆಲ್ಲ ಯಾರೋ ಮೊದಲೇ ಕಾಲಿನಿಂದಲೇ ಲೆಕ್ಕ ಹಾಕಿಟ್ಟಿದ್ದಾರೆ.

ಗುಡ್ಡಗಾಳಿ

ಗೆರೆ ಅಂದರೆ ನನ್ನ ಮತ ಹೇಡ್ರಿಯನ್ ಗೋಡೆಗೆ. ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರು ಕ್ರಿ.ಶ. 122ರಲ್ಲಿ ಕಟ್ಟಲು ಶುರು ಮಾಡಿದ ಗಡಿ ಗೋಡೆ. ಅದರ ಪಕ್ಕದ ಕಾಲುದಾರಿ ವಾಲ್ಸೆಂಡ್‌ನಿಂದ ಬೌನೆಸ್ ತನಕ 135 ಕಿ.ಮೀ. ಇದೆ. 2003ರಲ್ಲಿ ರಾಷ್ಟ್ರೀಯ ಕಾಲುದಾರಿ ಅಂತ ತೆರೆದರು. ಪೂರ್ತಿ ಓಡಬೇಕಾಗಿಲ್ಲ. ಎರಡೂ ತುದಿ ಸಪ್ಪೆ, ಒಂದು ತುದಿಯಲ್ಲಿ ನಗರ, ಇನ್ನೊಂದರಲ್ಲಿ ಜೌಗು. ನಡುವಿನ ಇಪ್ಪತ್ತು ಚಿಲ್ಲರೆ ಕಿ.ಮೀ.ನಲ್ಲೇ ಎಲ್ಲಾ ಇದೆ.

ಅಲ್ಲಿ ಗೋಡೆ ಕಪ್ಪು ಬಂಡೆಗಳ ಏಣಿನ, ಅಂದರೆ ಬೆನ್ನಿನಂಥ ಉದ್ದನೆಯ ದಿಬ್ಬದ, ಮೇಲೇ ಹೋಗುತ್ತದೆ. ಉತ್ತರಕ್ಕೆ ಕಡಿದಾದ ಬಂಡೆ, ಕೆಳಗೆ ಒಂದು ಕೆರೆ, ದಕ್ಷಿಣಕ್ಕೆ ಕುರಿ ಮೇಯುವ ಇಳಿಜಾರು. ಅತಿ ಎತ್ತರದ ಜಾಗ ವಿನ್‌ಶೀಲ್ಡ್ಸ್, ಬರೀ 345 ಮೀಟರ್. ಕೇಳಿದರೆ ಏನೂ ಇಲ್ಲ ಅನ್ನಿಸುತ್ತದೆ. ಆದರೆ ದಾರಿ ಗರಗಸದ ಹಲ್ಲಿನಂತೆ ಹತ್ತಿ ಇಳಿದು ಹತ್ತಿ ಇಳಿದು ತೊಡೆಯನ್ನು ಹಿಂಡಿ ಹಾಕುತ್ತದೆ.

ಓಡುವವರಿಗೆ ಒಂದು ಮಜಾ ಇದೆ. ರೋಮನ್ನರು ಪ್ರತಿ ರೋಮನ್ ಮೈಲಿಗೆ, ಅಂದರೆ ಸುಮಾರು ಒಂದೂವರೆ ಕಿ.ಮೀ.ಗೆ, ಒಂದು ಸಣ್ಣ ಕಾವಲು ಕೋಟೆ ಕಟ್ಟಿದ್ದರು. ಎರಡರ ನಡುವೆ ಎರಡು ಬುರುಜು. ಸುಮಾರು ಅರ್ಧ ಕಿ.ಮೀ.ಗೊಂದು ಗುರುತು ಸಿಕ್ಕಿದಂತಾಯಿತು. ವಾಚ್ ಬ್ಯಾಟರಿ ಸತ್ತರೂ ಎಷ್ಟು ಓಡಿದೆ ಅನ್ನುವುದು ಗೋಡೆ ನೋಡಿಯೇ ಗೊತ್ತಾಗುತ್ತದೆ.

ಸಂಜೆಸವಾರಿ

ನಾನು ರೋಮ್ ಬಳಿಯ ಅಪ್ಪಿಯನ್ ರಸ್ತೆ ಹೇಳಲು ಬಂದೆ. ಕ್ರಿ.ಪೂ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಶುರು ಮಾಡಿದ ರಸ್ತೆ, ಅದಕ್ಕೇ ಆ ಹೆಸರು. ಮೊದಲು ಕಾಪುವಾ ತನಕ, ಆಮೇಲೆ ಬ್ರಿಂಡಿಸಿ ಬಂದರಿನ ತನಕ ಬೆಳೆಯಿತು. 2024ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಮೊದಲ ಕೆಲವು ಕಿ.ಮೀ. ಓಡಲು ಹೋಗಬೇಡಿ. ರಸ್ತೆ ಇಕ್ಕಟ್ಟು, ಎರಡೂ ಕಡೆ ಗೋಡೆ, ಪಕ್ಕದಲ್ಲೇ ಕಾರು. ಸೆಸಿಲಿಯಾ ಮೆಟೆಲ್ಲಾಳ ಗುಂಡನೆಯ ದೊಡ್ಡ ಸಮಾಧಿ ದಾಟಿದ ಮೇಲೆ ಬೇರೆ ಲೋಕ. ಎರಡೂ ಬದಿ ಪೈನ್ ಮರ, ಸೈಪ್ರೆಸ್ ಮರ, ಮುರಿದ ಸಮಾಧಿಗಳು, ಆಚೆ ಹುಲ್ಲುಗಾವಲು. ರಸ್ತೆ ಬಾಣ ಬಿಟ್ಟಂತೆ ನೇರ. ಹಳೆ ಕಪ್ಪು ಬಸಾಲ್ಟ್ ಚಪ್ಪಡಿಗಳು ಹಾಗೇ ಇವೆ, ಗಾಡಿ ಚಕ್ರ ಸವೆಸಿದ ಜಾಡು ಕೂಡ.

1960ರ ಒಲಿಂಪಿಕ್ಸ್ ಮ್ಯಾರಥಾನ್‌ನ ಒಂದು ಭಾಗ ಇದೇ ರಸ್ತೆಯಲ್ಲಿ ನಡೆಯಿತು. ಓಟದ ಕೊನೆಯ ಭಾಗ ಕತ್ತಲಲ್ಲಿ, ಸೈನಿಕರು ಪಂಜು ಹಿಡಿದು ನಿಂತಿದ್ದರು. ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಗೆದ್ದ. ಆ ಚಪ್ಪಡಿಗಳ ಮೇಲೆ ಶೂ ಹಾಕಿಕೊಂಡು ಎಡವಿದ ಮೇಲೆ, ಆ ಮನುಷ್ಯನ ಪಾದಕ್ಕೆ ಒಂದು ನಮಸ್ಕಾರ ಹಾಕಬೇಕು ಅನ್ನಿಸಿತು.

ನಿಧಾನಗಾಲು

ಗೆರೆ ಹುಡುಕಿ ಅನ್ನುವ ಮಾತು ಒಳ್ಳೆಯ ಕೀಲಿಕೈ ಸಿಕ್ಕಂತಾಯಿತು. @ಸಂಜೆಸವಾರಿ ಅವರೇ, ಎಡವಿದೆ ಅಂದಿರಿ. ಆ ಕಲ್ಲಿನ ಮೇಲೆ ನಿಜವಾಗಿ ಓಡಲು ಆಗುತ್ತದಾ?

ಸಂಜೆಸವಾರಿ

ಎಲ್ಲಾ ಕಡೆ ಆಗುವುದಿಲ್ಲ. ಚಪ್ಪಡಿ ನಡುವೆ ಸಂದು ಜಾಸ್ತಿ, ಒಂದು ಎತ್ತರ ಒಂದು ತಗ್ಗು. ಪಕ್ಕದಲ್ಲಿ ಜನ ನಡೆದೂ ಸೈಕಲ್ ತುಳಿದೂ ಆದ ಮಣ್ಣಿನ ಜಾಡು ಇದೆ. ಅದರ ಮೇಲೆ ಓಡಿ. ಕಲ್ಲಿನ ಮೇಲೆ ನೂರು ಮೀಟರ್ ಸುಮ್ನೆ ರುಚಿಗೆ ಅಂತ ಓಡಿದರೆ ಸಾಕು. ಮಳೆ ಬಂದ ದಿನ ಅದೂ ಬೇಡ.

ನಾನು ಎಡವಿದ್ದು ಸಮಾಧಿ ನೋಡುತ್ತಾ ಓಡಿದ್ದಕ್ಕೆ. ನೋಡುವುದಾದರೆ ನಿಲ್ಲಿ, ಓಡುವುದಾದರೆ ನೆಲ ನೋಡಿ. ಎರಡೂ ಒಟ್ಟಿಗೆ ಮಾಡಲು ಹೋಗಿ ಅಂಗೈ ಸಿಪ್ಪೆ ಕಿತ್ತುಹೋಯಿತು.

ಪಾದರಕ್ಷೆ

ಶೂ ಬಗ್ಗೆ ಒಂದು ಮಾತು. ಹಳೆ ದಾರಿ ಅಂದ ಕೂಡಲೇ ಎಲ್ಲರೂ ದೊಡ್ಡ ಹಲ್ಲಿನ ಟ್ರೇಲ್ ಶೂ ಕೊಳ್ಳುತ್ತಾರೆ. ಕೆಸರಿಗೆ, ಹುಲ್ಲಿಗೆ ಅದು ಸರಿ. ಸವೆದು ನುಣುಪಾದ ಕಲ್ಲಿಗೆ ಅದು ತಪ್ಪು. ಹಲ್ಲು ದೊಡ್ಡದಿದ್ದಷ್ಟೂ ಕಲ್ಲಿಗೆ ತಾಗುವ ರಬ್ಬರ್ ಕಡಿಮೆ. ಒದ್ದೆ ಕಲ್ಲಿಗೆ ಬೇಕಾಗಿದ್ದು ಮೆತ್ತನೆಯ ರಬ್ಬರ್, ಚಿಕ್ಕ ಹಲ್ಲು. ಹೆಜ್ಜೆಯೂ ಚಿಕ್ಕದಿರಲಿ. ಇಳಿಯುವಾಗ ಹಿಮ್ಮಡಿ ಮೊದಲು ಊರಿದರೆ ಜಾರಿದಂತೆಯೇ ಲೆಕ್ಕ.

ಸುಣ್ಣಕಲ್ಲಿನ ನಾಡಿನಲ್ಲಿ ಇನ್ನೂ ಕಷ್ಟ. ಒಣಗಿದ್ದಾಗ ಸಿಮೆಂಟ್ ಹಾಗೆ ಗಟ್ಟಿ, ಒದ್ದೆಯಾದರೆ ಸೋಪು.

ಬಿಳಿಕುದುರೆ

ಸುಣ್ಣ ಅಂದಿರಿ, ಬಾಯಿ ತೆರೆಯದೆ ಇರಲಾಗಲಿಲ್ಲ. ನನ್ನ ಹೆಸರೇ ಅಲ್ಲಿಂದ ಬಂದದ್ದು.

ದಕ್ಷಿಣ ಇಂಗ್ಲೆಂಡಿನ ರಿಡ್ಜ್‌ವೇ. ಏಣುದಾರಿ ಅನ್ನಬಹುದು. ರೋಮನ್ನರು ಬರುವುದಕ್ಕೂ ಎಷ್ಟೋ ಮುಂಚಿನಿಂದ ಜನ ನಡೆದ ದಾರಿ. ಈಗಿನ ಗುರುತು ಹಾಕಿದ ದಾರಿ ಏವ್‌ಬರಿ ಪಕ್ಕದ ಓವರ್ಟನ್ ಗುಡ್ಡದಿಂದ ಐವಿಂಗ್‌ಹೋ ಬೀಕನ್ ತನಕ 139 ಕಿ.ಮೀ. ಅದರಲ್ಲಿ ಅಫಿಂಗ್‌ಟನ್ ಸುತ್ತಮುತ್ತಲ ಭಾಗ ಆರಿಸಿಕೊಳ್ಳಿ. ಗುಡ್ಡದ ಮೈಮೇಲೆ 110 ಮೀಟರ್ ಉದ್ದದ ಬಿಳಿ ಕುದುರೆ ಇದೆ. ಹುಲ್ಲು ಕೆತ್ತಿ, ಕಂದಕ ತೋಡಿ, ಸುಣ್ಣಕಲ್ಲು ಕುಟ್ಟಿ ತುಂಬಿದ ಚಿತ್ರ. ಸುಮಾರು ಮೂರು ಸಾವಿರ ವರ್ಷ ಹಳೆಯದು. ಆಗಾಗ ಕಳೆ ಕಿತ್ತು ಹೊಸ ಸುಣ್ಣಕಲ್ಲು ಕುಟ್ಟದಿದ್ದರೆ ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ. ಅಂದರೆ ಮೂರು ಸಾವಿರ ವರ್ಷ ಯಾರೋ ಒಬ್ಬರು ತಪ್ಪದೆ ಬಂದು ಆ ಕೆಲಸ ಮಾಡಿದ್ದಾರೆ. ನನಗೆ ಕುದುರೆಗಿಂತ ಆ ಜನ ದೊಡ್ಡವರಾಗಿ ಕಾಣುತ್ತಾರೆ.

ತಮಾಷೆ ಏನೆಂದರೆ, ಕುದುರೆ ಪಕ್ಕದಲ್ಲೇ ಓಡಿದರೆ ಕುದುರೆ ಕಾಣುವುದಿಲ್ಲ. ಬಿಳಿ ಪಟ್ಟೆ ಅಷ್ಟೇ. ದೂರದ ಬಯಲಿನಿಂದ ನೋಡಬೇಕು. ಪಕ್ಕದಲ್ಲೇ ಗುಡ್ಡದ ಮೇಲೆ ಮಣ್ಣಿನ ಕೋಟೆ. ಅಲ್ಲಿಂದ ಏಣಿನ ಮೇಲೆ ಎರಡು ಚಿಲ್ಲರೆ ಕಿ.ಮೀ. ಓಡಿದರೆ ಬೀಚ್ ಮರಗಳ ತೋಪಿನೊಳಗೆ ವೇಲೆಂಡ್ಸ್ ಸ್ಮಿಥಿ ಅನ್ನುವ ಕಲ್ಲುಗೋರಿ, ಐದು ಸಾವಿರ ವರ್ಷಕ್ಕೂ ಹಳೆಯದು. ಹೋಗಿ ಬಂದರೆ ಒಂದು ಹಗುರ ಬೆಳಗಿನ ಓಟ.

ಗುಡ್ಡಗಾಳಿ

ಬೆಳಗಿನ ಓಟ ಅಂದಿದ್ದಕ್ಕೆ ನೆನಪಾಯಿತು. ಇಂಥ ಜಾಗಗಳಿಗೆ ಸೂರ್ಯ ಹುಟ್ಟುವ ಹೊತ್ತಿಗೇ ಹೋಗಿ. ತಂಪಾಗಿರುತ್ತದೆ ಅನ್ನುವುದು ಒಂದು. ಇನ್ನೊಂದು, ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುವ ವಸ್ತುಗಳಿವೆ. ಹಳೆ ಕಂದಕ, ಮಣ್ಣಿನ ದಿಬ್ಬ, ಪಾಳುಬಿದ್ದ ಹಳ್ಳಿಯ ಬೀದಿ, ಹಿಂದೆ ಉತ್ತ ಸಾಲು. ಮಧ್ಯಾಹ್ನ ನೋಡಿದರೆ ಬರೀ ಹುಲ್ಲುಗಾವಲು. ಬೆಳಗ್ಗೆ ನೆರಳು ಬಿದ್ದಾಗ ಇಡೀ ಊರಿನ ನಕ್ಷೆ ನೆಲದ ಮೇಲೆ ಎದ್ದು ಕಾಣುತ್ತದೆ. ಪುರಾತತ್ವದವರು ವಿಮಾನದಿಂದ ಫೋಟೋ ತೆಗೆಯುವುದೂ ಇಂಥ ಬೆಳಕಿನಲ್ಲೇ.

ವೇಗದೂತ

ಇದೆಲ್ಲಾ ಸರಿ. ಆದರೆ ಓಡುವವರ ಮೂಲ ದಾರಿಯನ್ನೇ ಮರೆತಿರಲ್ಲ? ಗ್ರೀಸಿನ ಮ್ಯಾರಥಾನ್ ಅನ್ನುವ ಊರಿನಿಂದ ಅಥೆನ್ಸ್! ಕ್ರಿ.ಪೂ. 490ರಲ್ಲಿ ಯುದ್ಧ ಗೆದ್ದ ಸುದ್ದಿ ತಂದು, ಗೆದ್ದೆವು ಅಂತ ಹೇಳಿ ಫೈಡಿಪ್ಪಿಡಿಸ್ ಪ್ರಾಣ ಬಿಟ್ಟ ದಾರಿ. 42.195 ಕಿ.ಮೀ. ಅವನು ಓಡಿದಷ್ಟೇ ದೂರ.

ಕಲ್ಲುಚಪ್ಪಡಿ

ವೇಗದೂತ ಅವರೇ, ಕೋಪ ಮಾಡ್ಕೋಬೇಡಿ. ಕಥೆ ಚೆನ್ನಾಗಿದೆ, ಆದರೆ ಮೂರು ಕಡೆ ಸಡಿಲ.

ಆ ಕಾಲಕ್ಕೆ ಹತ್ತಿರದವನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್. ಅವನು ಹೇಳುವುದು ಯುದ್ಧಕ್ಕೆ ಮೊದಲು ಸಹಾಯ ಕೇಳಲು ಅಥೆನ್ಸ್‌ನಿಂದ ಸ್ಪಾರ್ಟಾಗೆ ಓಡಿದ ದೂತನ ವಿಷಯ. ಸ್ಪಾರ್ಟಾ 240 ಕಿ.ಮೀ. ಆಚೆ, ದೂತ ಮರುದಿನವೇ ತಲುಪಿದ ಅನ್ನುತ್ತಾನೆ. ಅವನು ಸತ್ತ ಅಂತ ಎಲ್ಲೂ ಇಲ್ಲ. ಅಥೆನ್ಸ್‌ಗೆ ಓಡಿ ಬಂದು ಸತ್ತ ಕಥೆ ಐದಾರು ನೂರು ವರ್ಷ ಕಳೆದ ಮೇಲೆ ಪ್ಲುಟಾರ್ಕ್, ಲೂಸಿಯನ್ ಬರಹಗಳಲ್ಲಿ ಬರುತ್ತದೆ. ಪ್ಲುಟಾರ್ಕ್ ಓಟಗಾರನ ಹೆಸರನ್ನೇ ಬೇರೆ ಕೊಡುತ್ತಾನೆ.

ಇನ್ನು 42.195. ಅದು ಗ್ರೀಸಿನ ಲೆಕ್ಕವೇ ಅಲ್ಲ. 1896ರ ಮೊದಲ ಒಲಿಂಪಿಕ್ಸ್‌ನಲ್ಲಿ ಸ್ಪಿರಿಡಾನ್ ಲೂಯಿಸ್ ಗೆದ್ದಾಗ ದೂರ ಸುಮಾರು 40 ಕಿ.ಮೀ. ಈಗಿನ ಅಳತೆ 1908ರ ಲಂಡನ್ ಒಲಿಂಪಿಕ್ಸ್‌ನಿಂದ ಬಂತು, 1921ರಲ್ಲಿ ನಿಯಮ ಆಯಿತು.

ವೇಗದೂತ

ಅಯ್ಯೋ, ಇಷ್ಟು ವರ್ಷ ಸುಳ್ಳು ಕಥೆ ನಂಬಿಕೊಂಡು ಕೊನೆಯ ಹತ್ತು ಕಿ.ಮೀ. ಓಡಿದ್ದೇನೆ. ವಾಪಸ್ ಕೊಡಿ ನನ್ನ ಕಣ್ಣೀರು.

ಆದರೂ ಆ ದಾರಿ ನಾನು ಓಡಿದ್ದೇನೆ, ಬಿಡುವುದಿಲ್ಲ. ಐದು ಕಿ.ಮೀ. ಹೊತ್ತಿಗೆ ಯುದ್ಧದಲ್ಲಿ ಸತ್ತ ಅಥೆನ್ಸ್ ಸೈನಿಕರ ಸಮಾಧಿ ದಿಬ್ಬವನ್ನು ಸುತ್ತಿ ಬರುತ್ತೀರಿ. 192 ಜನ ಅಂತ ನಿಮ್ಮ ಹೆರೊಡೊಟಸ್ಸೇ ಹೇಳುತ್ತಾನೆ. ಆಗ ಯಾರೂ ಮಾತಾಡುತ್ತಿರಲಿಲ್ಲ, ಬರೀ ಹೆಜ್ಜೆ ಸದ್ದು. ಹತ್ತನೇ ಕಿ.ಮೀ.ನಿಂದ ಮೂವತ್ತೊಂದರ ತನಕ ಏರು. ಕೊನೆಗೆ ಬಿಳಿ ಅಮೃತಶಿಲೆಯ ಹಳೆ ಕ್ರೀಡಾಂಗಣದೊಳಗೆ ಓಟ ಮುಗಿಯುತ್ತದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಹಳ್ಳಿಗಾಡು ಕಡಿಮೆ. ಬಹುಪಾಲು ಡಾಂಬರು, ಅಂಗಡಿ ಸಾಲು, ಸಿಗ್ನಲ್ಲು. ನಿಧಾನಗಾಲು ಕೇಳಿದ್ದಕ್ಕೆ ಇದು ಉತ್ತರ ಅಲ್ಲ ಅನ್ನುವುದು ಬರೆಯುತ್ತಾ ಬರೆಯುತ್ತಾ ನನಗೇ ಹೊಳೆಯಿತು.

ಕಲ್ಲುಚಪ್ಪಡಿ

ಹಳ್ಳಿಗಾಡು ಬೇಕೆಂದರೆ ಆ ಸ್ಪಾರ್ಟಾ ದಾರಿ ಇದೆ. ದ್ರಾಕ್ಷಿ ತೋಟ, ಆಲಿವ್ ತೋಪು, ನಡುರಾತ್ರಿ ಒಂದು ಬೆಟ್ಟ. ಹೆರೊಡೊಟಸ್ ಹೇಳಿದ್ದು ಸಾಧ್ಯವಾ ಅಂತ ನೋಡಲು 1982ರಲ್ಲಿ ಬ್ರಿಟಿಷ್ ವಾಯುಪಡೆಯ ಕೆಲವರು ಓಡಿ ನೋಡಿದರು. ಮರುವರ್ಷದಿಂದ ಅದೇ ಸ್ಪಾರ್ಟಾಥ್ಲಾನ್ ಆಯಿತು. 246 ಕಿ.ಮೀ., 36 ಗಂಟೆ ಗಡುವು. ನಮಗಲ್ಲ ಬಿಡಿ. ಓದಿದರೇ ಮೀನಖಂಡ ಹಿಡಿದುಕೊಳ್ಳುತ್ತದೆ.

ಗಂಟೆಸದ್ದು

ನಿಧಾನಗಾಲು ಅವರೇ, ಕಡಿಮೆ ದೂರ, ಒಳ್ಳೆ ಕಾಡು, ಎರಡು ತುದಿಗೂ ಹಳೆ ಊರು ಬೇಕಿದ್ದರೆ ಜಪಾನಿನ ನಕಾಸೆಂಡೊ ನೋಡಿ. ಎಡೊದಿಂದ (ಈಗಿನ ಟೋಕಿಯೊ) ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ಹಳೆ ಹೆದ್ದಾರಿ. ದಾರಿಯಲ್ಲಿ 69 ತಂಗುದಾಣ ಊರುಗಳಿದ್ದವು. ಮಾಗೋಮೆಯಿಂದ ತ್ಸುಮಾಗೊ ತನಕದ ಸುಮಾರು 8 ಕಿ.ಮೀ. ಇವತ್ತಿಗೂ ಕಾಲುದಾರಿಯೇ. ಸೀಡರ್ ಕಾಡು, ಕಲ್ಲುಹಾಸು, ನಡುವೆ ಜಲಪಾತ. ತ್ಸುಮಾಗೊದಲ್ಲಿ ಹಗಲು ಹೊತ್ತು ಮುಖ್ಯ ಬೀದಿಗೆ ಕಾರು ಬಿಡುವುದಿಲ್ಲ. ಮರದ ಮನೆಗಳ ಸಾಲಿನಲ್ಲಿ ನಿಮ್ಮ ಶೂ ಸದ್ದೇ ಜೋರು.

ಮಾಗೋಮೆಯಿಂದ ಶುರು ಮಾಡಿದರೆ ಏರು ಕಡಿಮೆ. ನಾನು ಜಂಬದಿಂದ ಉಲ್ಟಾ ಹೋದೆ. ದಾರಿ ಬೆಟ್ಟ ದಾಟುವ ನೆತ್ತಿ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ತಲುಪುವ ಹೊತ್ತಿಗೆ ಜಂಬ ಇಳಿದಿತ್ತು.

ದಾರಿಯಲ್ಲಿ ಅಲ್ಲಲ್ಲಿ ಗಂಟೆ ಕಟ್ಟಿದ್ದಾರೆ. ಕರಡಿಗೆ ನಾವು ಬಂದಿದ್ದು ಗೊತ್ತಾಗಲಿ ಅಂತ ಬಾರಿಸಿ ಹೋಗಬೇಕು. ಮೊದಲ ಗಂಟೆ ನಾಚಿಕೊಂಡು ಮೆಲ್ಲಗೆ ಬಾರಿಸಿದೆ. ಎರಡನೆಯದಕ್ಕೆ ಕಾಡು ಒತ್ತಾಗಿತ್ತು, ಜೊತೆಗೆ ಯಾರೂ ಇರಲಿಲ್ಲ. ಜಾತ್ರೆಯ ಹಾಗೆ ಬಾರಿಸಿದೆ.

ಪಾದರಕ್ಷೆ

ಮೆಟ್ಟಿಲು ದ್ವೇಷಿಗಳಿಗೆ ಎಚ್ಚರಿಕೆ: ಚೀನಾದ ಮಹಾಗೋಡೆಯ ಮ್ಯಾರಥಾನ್‌ನಲ್ಲಿ 5,164 ಮೆಟ್ಟಿಲು. ಒಂದು ಮೆಟ್ಟಿಲು ಗೇಣು, ಇನ್ನೊಂದು ಮೊಳಕಾಲುದ್ದ. ಲಯವೇ ಸಿಗುವುದಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ, ಮಂಡಿ ಚೆನ್ನಾಗಿರುವುದಿಲ್ಲ.

ಮೌನಯಾತ್ರಿ

ಒಂದು ಕಸಿವಿಸಿ ಹೇಳಲೇ? ಗೋರಿ, ಯುದ್ಧಭೂಮಿ, ಎರಡು ಸಾವಿರ ವರ್ಷದ ಗೋಡೆ. ಇಂಥ ಕಡೆ ಬಣ್ಣದ ಬಟ್ಟೆ ಹಾಕಿಕೊಂಡು ಬುಸುಗುಡುತ್ತಾ ಓಡುವುದು ನನಗೆ ಸರಿ ಕಾಣುವುದಿಲ್ಲ. ಜಾಗಕ್ಕೂ ಸವೆತ. ನಡೆದರೆ ಏನು ನಷ್ಟ?

ಗುಡ್ಡಗಾಳಿ

ಸವೆತದ ಮಾತು ಪೂರ್ತಿ ಒಪ್ಪುತ್ತೇನೆ. ಹೇಡ್ರಿಯನ್ ಗೋಡೆಯಲ್ಲಿ ಗೋಡೆ ಮೇಲೆ ಹತ್ತಬೇಡಿ ಅಂತ ಕಟ್ಟುನಿಟ್ಟಾಗಿ ಕೇಳುತ್ತಾರೆ. ನೆಲದ ಅಡಿಯಲ್ಲೂ ಇನ್ನೂ ಅಗೆಯದ ಅವಶೇಷ ಇದೆ. ಚಳಿಗಾಲದಲ್ಲಿ ನೆಲ ನೆನೆದು ಮೆತ್ತಗಾದಾಗ ಹುಲ್ಲು ಕಿತ್ತುಬಂದರೆ ಮಣ್ಣು, ಮಣ್ಣು ಹೋದರೆ ಕಲ್ಲು. ಅದಕ್ಕೇ ಅಲ್ಲಿ ಒಂದು ವಿಚಿತ್ರ ಪದ್ಧತಿ. ಬೇರೆ ಕಡೆ ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಿ ಅನ್ನುತ್ತಾರೆ. ಇಲ್ಲಿ ಹುಲ್ಲಿನ ಮೇಲೆ ಅಕ್ಕಪಕ್ಕ ಹೋಗಿ ಅನ್ನುತ್ತಾರೆ, ಒಂದೇ ಜಾಡು ಕೊರೆದು ಹೋಗಬಾರದು ಅಂತ. ನಾನು ಅಲ್ಲಿಗೆ ಹೋಗುವುದು ಬೇಸಿಗೆಯಲ್ಲಿ, ನೆಲ ಒಣಗಿದ ಮೇಲೇ.

ಗಂಟೆಸದ್ದು

ಮೌನಯಾತ್ರಿ ಅವರೇ, ಗೋರಿಗಳ ಹತ್ತಿರ ನಿಮ್ಮ ಮಾತು ಸರಿ. ನಾನೂ ಅಲ್ಲಿ ನಡೆಯುತ್ತೇನೆ, ಕಿವಿಯಿಂದ ಹಾಡು ತೆಗೆಯುತ್ತೇನೆ. ಆದರೆ ರಸ್ತೆಗಳ ವಿಷಯ ಬೇರೆ ಅಲ್ವಾ? ದಕ್ಷಿಣ ಅಮೆರಿಕದ ಇಂಕಾ ಸಾಮ್ರಾಜ್ಯದಲ್ಲಿ ಚಾಸ್ಕಿ ಅಂತ ಓಟದ ದೂತರಿದ್ದರು. ಗಂಟು ಹಾಕಿದ ದಾರದ ಲೆಕ್ಕ, ಬಾಯಿಪಾಠದ ಸುದ್ದಿ ಹೊತ್ತು ಓಡಿ ಮುಂದಿನ ಚೌಕಿಯವನಿಗೆ ಕೊಡುತ್ತಿದ್ದರು. ಸುಮಾರು 30,000 ಕಿ.ಮೀ. ದಾರಿಜಾಲ, ಇವತ್ತಿನ ಆರು ದೇಶಗಳಲ್ಲಿ ಹರಡಿದೆ. ಅದರ ಮೇಲೆ ಓಡುವುದು ಅವಮಾನ ಹೇಗಾಗುತ್ತದೆ? ಅದು ಓಡಲಿಕ್ಕೇ ಇದ್ದದ್ದು.

(ಆದರೆ ಮಾಚು ಪಿಚುಗೆ ಹೋಗುವ ಪ್ರಸಿದ್ಧ ಭಾಗಕ್ಕೆ ಒಬ್ಬರೇ ಓಡಿಕೊಂಡು ಹೋಗಲು ಬಿಡುವುದಿಲ್ಲ. ಪರವಾನಗಿ, ಮಾರ್ಗದರ್ಶಿ ಬೇಕು. ಫೆಬ್ರುವರಿಯಲ್ಲಿ ದಾರಿ ಮುಚ್ಚಿರುತ್ತದೆ. ದಾರಿಯ ಅತಿ ಎತ್ತರದ ಜಾಗ 4,215 ಮೀಟರ್. ಅಲ್ಲಿ ಓಡುವುದಿರಲಿ, ಶೂ ದಾರ ಕಟ್ಟಿದರೂ ಉಸಿರು ಮೇಲೆ ಕೆಳಗೆ.)

ಮೌನಯಾತ್ರಿ

ದೂತರ ಮಾತು ಸರಿ ಅನ್ನಿಸಿತು. ಗೋರಿ ಬಳಿ ನಡೆಯುತ್ತೇನೆ ಅಂದಿರಲ್ಲ, ಅಷ್ಟು ಸಾಕು. ಬಣ್ಣದ ಬಟ್ಟೆ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ.

ನಿಧಾನಗಾಲು

ಎರಡು ದಿನ ಇದನ್ನೆಲ್ಲ ಓದಿ ಯೋಜನೆ ಹಾಕಿದ್ದೇನೆ. ಹೇಡ್ರಿಯನ್ ಗೋಡೆಯ ನಡುಭಾಗ. ಒಂದೇ ದಿನ 32 ಕಿ.ಮೀ., ನಾಲ್ಕು ಕೋಟೆ, ಒಂದು ಮ್ಯೂಸಿಯಂ. ಪಾರ್ಕಿನಲ್ಲಿ ನನ್ನ ವೇಗ ಕಿ.ಮೀ.ಗೆ 7 ನಿಮಿಷ. ಹಾಗಾಗಿ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಹೇಗಿದೆ?

ಕಲ್ಲುಚಪ್ಪಡಿ

ಕಾಗದದ ಮೇಲೆ ಬಹಳ ಚೆನ್ನಾಗಿದೆ.

ಗುಡ್ಡಗಾಳಿ

ಬೇಡ ಮಾರಾಯರೇ. ಪಾರ್ಕಿನ ವೇಗವನ್ನು ಪಾರ್ಕಿನಲ್ಲೇ ಬಿಟ್ಟು ಹೋಗಿ. ನಡೆಯುವವರಿಗೆ ಒಂದು ಹಳೆ ಲೆಕ್ಕ ಇದೆ, 1892ರಲ್ಲಿ ನೈಸ್ಮಿತ್ ಅನ್ನುವ ಬೆಟ್ಟ ಹತ್ತುವವರು ಕೊಟ್ಟದ್ದು. 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನೀವು ಓಡುತ್ತೀರಿ, ಸರಿ, ಸ್ವಲ್ಪ ಬೇಗ ಆಗಬಹುದು. ಆದರೆ ಗೇಟು ತೆರೆದು ಮುಚ್ಚುವುದು, ಬೇಲಿ ಏಣಿ ಹತ್ತುವುದು, ನಕ್ಷೆ ನೋಡುವುದು, ಬಾಯಿ ಬಿಟ್ಟುಕೊಂಡು ನಿಲ್ಲುವುದು ಎಲ್ಲಾ ಸೇರಿದರೆ ಉಳಿತಾಯ ಅಲ್ಲಿಗಲ್ಲಿಗೆ. ಮೊದಲ ಸಲ ನಾನಂತೂ ನಡಿಗೆಯ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ. ಬೇಗ ಮುಗಿದರೆ ಲಾಭ.

ಸ್ಟೀಲ್ ರಿಗ್‌ನಿಂದ ಹೌಸ್‌ಸ್ಟೆಡ್ಸ್ ಕೋಟೆ ತನಕ ಸುಮಾರು 5 ಕಿ.ಮೀ. ಹೋಗಿ ಬನ್ನಿ. ಒಂದು ದಿನಕ್ಕೆ ಅದೇ ಧಾರಾಳ. ಹೋಗುವಾಗ ಗೋಡೆ ಪಕ್ಕದ ಏರಿಳಿತ, ಬರುವಾಗ ಕೆಳಗಿನ ಹುಲ್ಲುದಾರಿ. ಮ್ಯೂಸಿಯಂ ಬೇರೆ ದಿನ.

ಸಂಜೆಸವಾರಿ

ಒಂದೇ ಓಟದಲ್ಲಿ ನಿಂತು ನೋಡುವ ಜಾಗ ಎರಡು, ಹೆಚ್ಚೆಂದರೆ ಮೂರು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಮೈ ತಣ್ಣಗಾಗಿ ಕಾಲು ಮರದ ಕೊರಡು. ನಿಂತಾಗ ಹಾಕಿಕೊಳ್ಳಲು ತೆಳು ಜಾಕೆಟ್ ಇಟ್ಟುಕೊಳ್ಳಿ. ಬೆವರು, ಗುಡ್ಡದ ಗಾಳಿ, ನಿಂತ ಮೈ, ಮೂರೂ ಸೇರಿದರೆ ಬೇಸಿಗೆಯಲ್ಲೂ ಹಲ್ಲು ಕಟಕಟ. ಚೆನ್ನಾದ ಜಾಗ ದಾರಿಯ ನಡುವೆ ಬರುವಂತೆ ನೋಡಿಕೊಳ್ಳಿ. ಶುರುವಿನಲ್ಲೇ ಇದ್ದರೆ ಓಡುವ ಮನಸ್ಸಿರುವುದಿಲ್ಲ, ಕೊನೆಯಲ್ಲಿದ್ದರೆ ನೋಡುವ ಮನಸ್ಸಿರುವುದಿಲ್ಲ.

ಬಿಳಿಕುದುರೆ

ವಾಚಿನ ಆಟೋ ಪಾಜ್ (ನಾವು ನಿಂತರೆ ಲೆಕ್ಕವೂ ತಾನಾಗಿ ನಿಲ್ಲುವುದು) ಹಾಕಿಕೊಳ್ಳಬೇಡಿ ಅಂತ ನನ್ನ ಸಲಹೆ. ನಿಂತ ಹೊತ್ತೂ ಓಟದ ಲೆಕ್ಕಕ್ಕೇ ಬರಲಿ. ಇಲ್ಲದಿದ್ದರೆ ಸರಾಸರಿ ಕಾಪಾಡುವ ಚಟಕ್ಕೆ ಬಿದ್ದು ಏನೂ ನೋಡುವುದಿಲ್ಲ.

ಮತ್ತೆ ಹಸುಗಳು. ನಗಬೇಡಿ. ಆ ಕಡೆ ದಾರಿ ಹುಲ್ಲುಗಾವಲಿನ ನಡುವೆಯೇ ಹೋಗುತ್ತದೆ. ಕರು ಜೊತೆಗಿದ್ದರೆ ಹಸುವಿಗೂ ಕರುವಿಗೂ ನಡುವೆ ನುಗ್ಗಲೇಬೇಡಿ, ದೂರದಿಂದ ಸುತ್ತಿ ಹೋಗಿ, ಓಡದೆ ನಡೆದು. ಒಮ್ಮೆ ನಾನು ಓಡುತ್ತಲೇ ಹೋದೆ. ಮಂದೆ ಪೂರ್ತಿ ಜೊತೆಗೆ ಓಡಲು ಶುರು ಮಾಡಿತು. ಆ ದಿನದ ನಾಲ್ಕು ನೂರು ಮೀಟರ್ ನನ್ನ ಜೀವನದ ಅತಿ ವೇಗದ್ದು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು ಅನ್ನುವುದು ನಿಯಮ. ಅವತ್ತು ನಾನು ಗೇಟು ತೆರೆಯಲೇ ಇಲ್ಲ, ಮೇಲಿನಿಂದ ಹಾರಿದೆ.

ಕಲ್ಲುಚಪ್ಪಡಿ

ಹುಡುಕುವುದು ಹೇಗೆ ಅಂತ ಮೊದಲೇ ಕೇಳಿದ್ದಿರಿ, ಅದು ಬಾಕಿ ಇತ್ತು.

ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಚಾರಿತ್ರಿಕ ವಸ್ತುಗಳಿಗೆ ಬೇರೆಯೇ ಗುರುತು ಪಟ್ಟಿ ಇದೆ. ಕೋಟೆ, ಮೈಲಿಗಲ್ಲು, ಪಾಳು ಕಟ್ಟಡ, ಹಳೆ ಸೇತುವೆ ಎಲ್ಲ. ಜನರೇ ಸೇರಿಸಿದ್ದು. ಅವನ್ನು ನೋಡಿ ಸಾಲಾಗಿ ಬಿದ್ದಿರುವ ಕಡೆ ಹುಡುಕಿ. ಮೂರು ನಾಲ್ಕು ಮೈಲಿಗಲ್ಲು ಒಂದೇ ಸಾಲಿನಲ್ಲಿದ್ದು ಅಲ್ಲಿ ಈಗ ದೊಡ್ಡ ರಸ್ತೆ ಇಲ್ಲ ಅಂದರೆ, ನಿಮಗೆ ದಾರಿ ಸಿಕ್ಕಿತು ಅಂತಲೇ. ಊರಿಲ್ಲದ ಕಡೆ ಒಂಟಿ ಕಲ್ಲುಸೇತುವೆ ಕಂಡರೆ ಅದರ ಎರಡೂ ಕಡೆ ಹಳೆ ರಸ್ತೆ ಇದ್ದೇ ಇತ್ತು.

ಕಾಲು ಸುಸ್ತಾದ ದಿನಕ್ಕೆ ಕಾಲುವೆ. ದೋಣಿ ಎಳೆಯುವ ಕುದುರೆ ನಡೆಯಲು ಮಾಡಿದ ಏರಿದಾರಿ ಸಮತಟ್ಟು, ಬೀಗಕಟ್ಟೆ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಸಾಗಿಸುವ ಬಾಗಿಲುಕಟ್ಟೆ) ಬಂದಾಗ ಮಾತ್ರ ಸಣ್ಣ ಏರು. ಫ್ರಾನ್ಸಿನ ಕನಾಲ್ ದು ಮಿದಿ 1681ರದ್ದು, 240 ಕಿ.ಮೀ. ವೇಲ್ಸ್‌ನ ಪೊಂಟ್ಕಸಿಲ್ತೆ ಮೇಲ್ಗಾಲುವೆ 1805ರದ್ದು. ಕಣಿವೆಯ ಮೇಲೆ 38 ಮೀಟರ್ ಎತ್ತರದಲ್ಲಿ ದೋಣಿ ಹೋಗುತ್ತದೆ, ಪಕ್ಕದಲ್ಲಿ ನೀವು ಹೋಗುತ್ತೀರಿ. ಉದ್ದ 307 ಮೀಟರ್. ನನಗೆ ಎತ್ತರದ ಭಯ. ಕೈಹಿಡಿ ಬಿಡದೆ ದಾಟಿದೆ, ಅದನ್ನು ಓಟ ಅನ್ನಲಾರೆ.

ದಾರಿಯ ಜಿಪಿಎಕ್ಸ್ ಫೈಲ್ (ದಾರಿಯ ಗೆರೆಯನ್ನು ನಕ್ಷೆ ಮೇಲೆ ತೋರಿಸುವ ಫೈಲ್) ಮೊದಲೇ ಫೋನಿಗೆ ಇಳಿಸಿಕೊಳ್ಳಿ, ನಕ್ಷೆ ಸಮೇತ. ಇಂಥ ಕಡೆ ಸಿಗ್ನಲ್ ನಂಬಬೇಡಿ.

ನಿಧಾನಗಾಲು

ಹೋಗಿ ಬಂದೆ!

32 ಇರಲಿ, ಹನ್ನೊಂದೂ ಪೂರ್ತಿ ಆಗಲಿಲ್ಲ. 10.6 ಕಿ.ಮೀ.ಗೆ 2 ಗಂಟೆ 50 ನಿಮಿಷ. @ಗುಡ್ಡಗಾಳಿ, ನಡಿಗೆಯ ಲೆಕ್ಕಕ್ಕಿಂತಲೂ ನಿಧಾನ. ಎರಡನೇ ಏರಿನಲ್ಲೇ ಓಟ ಬಿಟ್ಟು ಕೈ ಮಂಡಿ ಮೇಲೆ ಇಟ್ಟು ಹತ್ತಿದೆ. ನನ್ನನ್ನು ದಾಟಿ ಹೋದವರಲ್ಲಿ ಊರುಗೋಲು ಹಿಡಿದ ಒಬ್ಬ ಅಜ್ಜಿಯೂ ಇದ್ದರು.

ಬೆಳಗ್ಗೆ ಐದೂವರೆಗೆ ಶುರು ಮಾಡಿದ್ದೆ. ಗೋಡೆಯ ದಕ್ಷಿಣಕ್ಕೆ ರೋಮನ್ನರು ತೋಡಿದ ದೊಡ್ಡ ಕಂದಕ ಇದೆಯಲ್ಲ, ಹೋಗುವಾಗ ಓರೆ ಬಿಸಿಲಿಗೆ ಕಪ್ಪು ನೆರಳಿನ ಪಟ್ಟಿಯಾಗಿ ಮೈಲಿಗಟ್ಟಲೆ ಕಂಡಿತು. ವಾಪಸ್ ಬರುವಾಗ ಅದೇ ಜಾಗ ನೋಡಿದೆ. ಬರೀ ಹುಲ್ಲು. ನೀವು ಹೇಳದಿದ್ದರೆ ಎಂಟು ಗಂಟೆಗೆ ಎದ್ದು ಹೋಗಿ ಏನೂ ನೋಡದೆ ಬರುತ್ತಿದ್ದೆ.

ಎರಡು ಗುಡ್ಡದ ನಡುವೆ ಸಿಕಮೋರ್ ಗ್ಯಾಪ್. ಚಿತ್ರಗಳಲ್ಲಿ ನೋಡಿದ ಒಂಟಿ ಮರ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ರಾತ್ರೋರಾತ್ರಿ ಕಡಿದುಹಾಕಿದ್ದರು. ಬುಡ ಮಾತ್ರ ಇದೆ. ಮರುವರ್ಷವೇ ಅದರಲ್ಲಿ ಚಿಗುರು ಬಂದಿತ್ತಂತೆ. ನಾನಲ್ಲಿ ವಾಚ್ ನೋಡದೆ ನಿಂತಿದ್ದೆ. ಎಷ್ಟು ಹೊತ್ತು ಅನ್ನುವುದು ಆಮೇಲೆ ಫೈಲಿನಲ್ಲಿ ಕಂಡಿತು, ಹತ್ತೊಂಬತ್ತು ನಿಮಿಷ. ಆಟೋ ಪಾಜ್ ಹಾಕಿರಲಿಲ್ಲ, ಹಾಗಾಗಿ ಅದೂ ಓಟದಲ್ಲೇ ಇದೆ.

ಮರುದಿನ ಕಾಲು ಎತ್ತಲು ಆಗದೆ ಪಕ್ಕದ ವಿಂಡೋಲಾಂಡಾ ಮ್ಯೂಸಿಯಂಗೆ ಹೋದೆ. ರೋಮನ್ ಸೈನಿಕರ ಕೋಟೆ ಇದ್ದ ಜಾಗ. ತೆಳ್ಳನೆ ಮರದ ಹಲಗೆಗಳ ಮೇಲೆ ಬರೆದ ಕಾಗದಪತ್ರ ಅಲ್ಲಿ ಸಿಕ್ಕಿವೆ. ಒಂದರಲ್ಲಿ ಯಾರೋ ಯಾರಿಗೋ ಸಾಕ್ಸ್, ಚಪ್ಪಲಿ, ಒಳಚಡ್ಡಿ ಕಳಿಸಿದ ವಿಷಯ ಇದೆ. ಆ ಗಾಳಿಯಲ್ಲಿ ನಿಂತು ಬಂದವನಿಗೆ ಅದು ಚೆನ್ನಾಗಿ ಅರ್ಥವಾಯಿತು. ಅದಕ್ಕಿಂತ ಹೆಚ್ಚಾಗಿ ಅಲ್ಲಿ ಚರ್ಮದ ಚಪ್ಪಲಿ, ಬೂಟುಗಳ ಸಂಗ್ರಹ. ಸಾವಿರಾರು ಸಿಕ್ಕಿವೆಯಂತೆ, ಮಕ್ಕಳದ್ದೂ ಇವೆ. ಒಂದರ ಹಿಮ್ಮಡಿ ಹೊರಗಡೆ ಮಾತ್ರ ಸವೆದಿತ್ತು. ನನ್ನ ಎಡಗಾಲಿನ ಶೂ ಕೂಡ ಹಾಗೇ ಸವೆಯುತ್ತದೆ. ಅದರ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಅಲ್ಲಿ ವಾಚ್ ಓಡುತ್ತಿರಲಿಲ್ಲ.

ಪಾದರಕ್ಷೆ

ಅಡಿಯಲ್ಲಿ ಏನಿತ್ತು? ಹಲ್ಲಾ, ಚಪ್ಪಟೆಯಾ?

ನಿಧಾನಗಾಲು

ಕಬ್ಬಿಣದ ಮೊಳೆ ಹೊಡೆದಿದ್ದರು. ಸಾಲು ಸಾಲಾಗಿ.

ಪಾದರಕ್ಷೆ

ಒದ್ದೆ ಕಲ್ಲಿನ ಮೇಲೆ ಕಬ್ಬಿಣ! ಪಾಪ, ಎಷ್ಟು ಸಲ ಜಾರಿ ಬಿದ್ದನೋ ಏನೋ.